ಕೋವಿ ಸ್ಟೇಷನ್ನಿನಲ್ಲಿ, ಸಲಹೆ ಟೆಕ್ಸಾಸಿಗೆ

ಚುನಾವಣೆ ಮುಗಿಯಿತು. ಗೆದ್ದವರು ಹಾರ ಹಾಕಿಸಿಕೊಂಡರು, ಸೋತವರು ಮತಯಂತ್ರಕ್ಕೆ ಬೈದು ಸುಮ್ಮನಾದರು. ನನ್ನ ಕೋವಿ ಮಾತ್ರ ಇನ್ನೂ ಮನೆಗೆ ಬಂದಿಲ್ಲ.

ಕಾಸರಗೋಡಿನ ಮುಳ್ಳೇರಿಯದ ಆಚೀಚೆ ಕೃಷಿರಕ್ಷಣೆಗೆಂದು ಕೋವಿ ಇಟ್ಟುಕೊಂಡವರಿಗೆಲ್ಲ ಇದು ಅಭ್ಯಾಸವಾಗಿದೆ. ಪಂಚಾಯತ್ತಿರಲಿ, ಲೋಕಸಭೆಯಿರಲಿ, ಯಾರು ಯಾರ ಎದುರು ನಿಂತರೂ ಮೊದಲು ಶಸ್ತ್ರ ಕೆಳಗಿಡಬೇಕಾದವ ಅಡಿಕೆ ತೋಟದವನೇ. ಲೈಸೆನ್ಸ್ ಪುಸ್ತಕ, ಕೋವಿ, ಉಳಿದ ಗುಂಡಿನ ತೋಟೆ ಎಲ್ಲ ಹೊತ್ತುಕೊಂಡು ಹೋಗಿ ಪೊಲೀಸ್ ಸ್ಟೇಷನ್ನಿನಲ್ಲಿ ಡೆಪಾಸಿಟ್ ಮಾಡಿ, ಮಲಯಾಳದ ರಶೀದಿ ಕಿಸೆಗೆ ಹಾಕಿಕೊಂಡು ಬರಬೇಕು. ವಾಪಸು ಕೇಳಿದರೆ ಆರ್ಡರ್ ಬಂದಿಲ್ಲ. ಆರ್ಡರ್ ಬಂದ ದಿನ ರೈಟರ್ ರಜೆ. ಹಂದಿಗಳಿಗೆ ನೀತಿ ಸಂಹಿತೆಯೂ ಇಲ್ಲ, ರಜೆಯೂ ಇಲ್ಲ. ಬೆಳೆ ಹಾಳು ಮಾಡುವ ಹಂದಿಗೆ ಗುಂಡು ಹೊಡೆಸುವ ಅಧಿಕಾರವನ್ನು ಕೇರಳ ಸರಕಾರ 2022ರಲ್ಲಿ ಪಂಚಾಯತ್ ಅಧ್ಯಕ್ಷರಿಗೇ ಕೊಟ್ಟಿತಷ್ಟೆ. ಅಧ್ಯಕ್ಷರ ಹತ್ತಿರ ಅಧಿಕಾರ ಉಂಟು, ನನ್ನ ಹತ್ತಿರ ಲೈಸೆನ್ಸ್ ಉಂಟು, ಮರಗೆಣಸಿನ ಸಾಲಿನಲ್ಲಿ ಹಂದಿ ಉಂಟು. ಕೋವಿ ಒಂದು ಸ್ಟೇಷನ್ನಿನಲ್ಲಿ ಉಂಟು.

ಇಂಥ ಹೊತ್ತಿನಲ್ಲಿ ನನ್ನ ತಂಗಿಯ ಮಗ ಟೆಕ್ಸಾಸಿನಿಂದ ವಿಡಿಯೊ ಕಾಲ್ ಮಾಡಿ, "ಮಾವಾ, ಒಂದು ಡೌಟು. ತೋಟೆ ಮಾಡ್ಲಿಕ್ಕೆ ಯಾವ ಡೈ ಒಳ್ಳೆದು?" ಎಂದು ಕೇಳುತ್ತಾನೆ. ಡೈ ಎಂದರೆ ತೋಟೆಯನ್ನು ಅಳತೆಗೆ ತರುವ ಉಕ್ಕಿನ ಅಚ್ಚು.

ಅವನಿಗೆ ಗ್ರೀನ್ ಕಾರ್ಡ್ ಸಿಕ್ಕಿದೆ. ಕೆಲಸದ ವೀಸಾದಲ್ಲಿರುವವರು ಅಲ್ಲಿ ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲವಂತೆ. ಹಾಗಾಗಿ ಕಾರ್ಡ್ ಕೈಗೆ ಬಂದದ್ದೇ, ಉಳಿದವರು ಮನೆ ಕೊಳ್ಳುವಲ್ಲಿ ಇವನು ಮೊದಲು ಪಾಯಿಂಟ್ 357 ಮ್ಯಾಗ್ನಮ್ ರಿವಾಲ್ವರ್ ಕೊಂಡ. ಶನಿವಾರ ಶನಿವಾರ ಹೋಗಿ ಕಾಗದಕ್ಕೆ ತೂತು ಮಾಡುತ್ತಾನೆ. ಅವನ ಹಿತ್ತಿಲಲ್ಲಿ ಹುಲ್ಲು ಬಿಟ್ಟರೆ ಬೇರೆ ಬೆಳೆ ಇಲ್ಲ, ಅದನ್ನು ತಿನ್ನಲು ಮೊಲವೂ ಬರುವುದಿಲ್ಲ. ಗುಂಡಿನ ಖರ್ಚು ಮಾತ್ರ ಹೆಚ್ಚಾಯಿತು. ಹಾಗಾಗಿ ಹೊಡೆದು ಖಾಲಿಯಾದ ಹಿತ್ತಾಳೆ ತೋಟೆಗಳನ್ನು ಹೆಕ್ಕಿ ತಂದು ಮನೆಯಲ್ಲೇ ಮತ್ತೆ ತುಂಬಿಸುವ ಯೋಚನೆ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ತೋಟೆ ತಯಾರಿಸಿದರೆ 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಜೈಲು. ಅಲ್ಲಿ ಅದೊಂದು ಹವ್ಯಾಸ, ಎಷ್ಟೋ ಜನ ಗ್ಯಾರೇಜಿನಲ್ಲಿ ಕೂತೇ ಮಾಡುತ್ತಾರಂತೆ.

"ನಂಗೆಂಥ ಗೊತ್ತು ಮಾರಾಯ? ನಾನು ತೋಟೆಯನ್ನು ಅಂಗಡಿಯಿಂದ ತರುವವ" ಎಂದೆ. ವರ್ಷಕ್ಕೆ ಎಷ್ಟು ತರಬಹುದು ಎನ್ನುವುದನ್ನೂ ಲೈಸೆನ್ಸಿನಲ್ಲೇ ಬರೆದಿಟ್ಟಿದ್ದಾರೆ.

"ಆದ್ರೂ ನೀವು ಕೋವಿ ಇರುವವರಲ್ವಾ?"

ಇರುವವರು! ಕೋವಿಯ ರಶೀದಿ ಇರುವವರು.

ಅವನದೊಂದು ಅಭ್ಯಾಸವನ್ನು ಹೇಳಲೇಬೇಕು. ಯಾವ ವಸ್ತುವನ್ನು ತೋರಿಸುವಾಗಲೂ ಅದನ್ನು ಕ್ಯಾಮರಾದ ಕಣ್ಣಿಗೇ ಒತ್ತುತ್ತಾನೆ. ಬೆರಳುದ್ದದ ಉಕ್ಕಿನ ಡೈ. ಅದನ್ನು ಹಿಡಿದ ಹೆಬ್ಬೆರಳು ಅದಕ್ಕಿಂತ ದೊಡ್ಡದು. "ಕಾಣ್ತಾ ಮಾವಾ? ಒಳಗೆ ರಿಂಗ್ ಕಾಣ್ತಾ?" ನನಗೆ ಕಾಣುವುದು ಹೆಬ್ಬೆರಳು. "ಸ್ವಲ್ಪ ಹಿಂದೆ ತಕೊ" ಎಂದರೆ ಫೋನನ್ನೂ ಡೈಯನ್ನೂ ಒಟ್ಟಿಗೆ ಹಿಂದೆ ತೆಗೆಯುತ್ತಾನೆ. ಆಗಲೂ ಹೆಬ್ಬೆರಳೇ, ಹಿನ್ನೆಲೆಯಲ್ಲಿ ಗೋಡೆ ಮಾತ್ರ ಬದಲಾಗುತ್ತದೆ. ಉಗುರಿನ ಬುಡದಲ್ಲಿ ಅವನಿಗೊಂದು ಬಿಳಿ ಚುಕ್ಕೆ ಇದೆ, ಎಡಕ್ಕೆ ಒಂದು ಗಾಯದ ಗೆರೆ. ಹೆತ್ತ ನನ್ನ ತಂಗಿಗೂ ಇದು ಗೊತ್ತಿರಲಾರದು. ನಡುವೆ "ಒಂದ್ನಿಮಿಷ" ಎಂದು ಫೋನನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ಎದ್ದು ಹೋಗುತ್ತಾನೆ. ಆಮೇಲೆ ನಾನು ಟೆಕ್ಸಾಸಿನ ಮಾಡು ನೋಡುತ್ತಾ ಕೂರಬೇಕು. ಅವನಿಗದು ಶನಿವಾರ ರಾತ್ರಿ ಒಂಬತ್ತು, ಊಟ ಆಗಿದೆ. ನನಗೆ ಆದಿತ್ಯವಾರ ಬೆಳಗ್ಗೆ ಏಳೂವರೆ, ನೀರುದೋಸೆ ಆರುತ್ತಿದೆ.

ಕೇಳಿಕೇಳಿ ನನಗೂ ವಿದ್ಯೆ ಹತ್ತಿತು. ಒಂದು ಸೆಟ್ಟಿನಲ್ಲಿ ಮೂರು ಡೈ. ಗುಂಡು ಹೊಡೆದಾಗ ಹಿತ್ತಾಳೆ ಹಿಗ್ಗುತ್ತದೆ. ಅದನ್ನು ಮೊದಲಿನ ಅಳತೆಗೆ ಹಿಂಡಿ, ತಳದಲ್ಲಿ ಕಿಡಿ ಹಾರಿಸಿ ಸುಟ್ಟುಹೋದ ಕೇಪನ್ನು ಸೂಜಿಯಿಂದ ಕುಟ್ಟಿ ಬೀಳಿಸುವುದು ಒಂದನೆಯದು. ಎರಡನೆಯದು ಬಾಯಿಯನ್ನು ಕೂದಲೆಳೆಯಷ್ಟು ಅಗಲಿಸುತ್ತದೆ. ಮೂರನೆಯದು ಸೀಸದ ಗುಂಡನ್ನು ಕೂರಿಸಿ ಬಾಯಿ ಬಿಗಿಯುತ್ತದೆ. ಬಿಗಿಯುವ ಕೆಲಸಕ್ಕೇ ಬೇರೆ ನಾಲ್ಕನೆಯದನ್ನು ಇಟ್ಟುಕೊಳ್ಳುವವರೂ ಇದ್ದಾರೆ. ನನ್ನ ಹೆಂಡತಿ ಹಿಂದಿನಿಂದ ಬಗ್ಗಿ ನೋಡಿ, "ಚಕ್ಕುಲಿ ಮುಟ್ಟಿನ ಹಾಗೆಯೇ ಅಲ್ವಾ? ಹಿಡಿ ಒಂದೇ, ಬಿಲ್ಲೆ ಮಾತ್ರ ಬೇರೆಬೇರೆ" ಎಂದಳು. ಅವಳು ಹೇಳಿದ್ದು ಸರಿ. ಹಿಡಿ ಎಳೆದು ಒತ್ತುವ ಪ್ರೆಸ್ಸಿಗೆ ಕೂರುವ ಡೈಗಳ ಮರೆಯ, ಎಂದರೆ ಸ್ಕ್ರೂವಿನಂಥ ಸುತ್ತಿನ, ಅಳತೆ ಹೆಚ್ಚಿನ ಎಲ್ಲ ಕಂಪನಿಯದ್ದೂ ಒಂದೇ: 7/8 ಇಂಚು ದಪ್ಪ, ಇಂಚಿಗೆ 14 ಸುತ್ತು. ಯಾರದ್ದು ಕೊಂಡರೂ ಹಿಡಿಯುತ್ತದೆ. ವಿಷಯ ಅಲ್ಲಿಗೇ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಲೀ, ಆರ್‌ಸಿಬಿಎಸ್, ಹಾರ್ನಡಿ, ರೆಡ್ಡಿಂಗ್, ಲೈಮನ್, ಡಿಲ್ಲನ್, ಡೈ ಮಾಡುವ ಎಲ್ಲ ಕಂಪನಿಗಳ ಕುಲಗೋತ್ರ ಹೇಳಿದ. ಲೀಯ ಪೆಟ್ಟಿಗೆಯಲ್ಲಿ ತೋಟೆಯ ತಳ ಹಿಡಿಯುವ ಹೋಲ್ಡರು ಒಟ್ಟಿಗೇ ಬರುತ್ತದೆ, ಬೇರೆಯವರಲ್ಲಿ ಅದಕ್ಕೆ ಪ್ರತ್ಯೇಕ ದುಡ್ಡು. ಆರ್‌ಸಿಬಿಎಸ್ ಶುರುವಾದದ್ದು 1943ರಲ್ಲಿ, ಕ್ಯಾಲಿಫೋರ್ನಿಯದಲ್ಲಿ. ರಾಕ್ ಚಕ್ ಎಂಬ, ಅಳಿಲಿನ ಕುಲದ ದಢೂತಿ ಪ್ರಾಣಿಯನ್ನು ಹೊಡೆಯುವ ಗುಂಡು ಮಾಡುವ ಅಚ್ಚಿನಿಂದ. ಆ ಪ್ರಾಣಿಯ ಹೆಸರೇ ಕಂಪನಿಗೂ. ಇದೊಂದು ಮಾತು ಮಾತ್ರ ನನ್ನ ಕಿವಿಗೆ ಬಿತ್ತು. ಒಂದು ಅಳಿಲಿನ ಮೇಲಿನ ಸಿಟ್ಟಿಗೆ ಅಲ್ಲಿ ಕಾರ್ಖಾನೆ ಕಟ್ಟಿದ್ದಾರೆ. ಇಲ್ಲಿ ಕ್ವಿಂಟಾಲು ತೂಗುವ ಹಂದಿಗೆ ನಾನು ತಗಡಿನ ಡಬ್ಬಿ ಬಡಿಯುತ್ತಿದ್ದೇನೆ.

ಕೊನೆಗೆ ಅವನು ಹೇಳಿದ್ದನ್ನೇ ಕೂಡಿಸಿ ಅವನಿಗೆ ತೀರ್ಪು ಕೊಟ್ಟೆ. "ನೋಡು, ನಿನ್ನ ರಿವಾಲ್ವರಿಗೇ ಹಿಡಿಯುವ ಪಾಯಿಂಟ್ 38 ಸ್ಪೆಷಲ್ ತೋಟೆಗೂ 357ಕ್ಕೂ ಒಂದೇ ಸೆಟ್ಟು ಸಾಕು, ಉದ್ದದಲ್ಲಿ ಸ್ವಲ್ಪ ವ್ಯತ್ಯಾಸ, ಡೈಯನ್ನು ಏರಿಸಿ ಇಳಿಸಿದರಾಯಿತು. ರಿವಾಲ್ವರಿನ ತೋಟೆ ತಳದ ಅಂಚಿನ ಮೇಲೆ ನಿಲ್ಲುತ್ತದೆ, ಹಾಗಾಗಿ ಬಾಯಿ ಒಳಗೆ ಮಡಚಿದರೂ ತೊಂದರೆ ಇಲ್ಲ. ಪಿಸ್ತೂಲಿನ 9 ಎಂ.ಎಂ. ಬಾಯಂಚಿನ ಮೇಲೇ ನಿಲ್ಲುವುದು, ಅದನ್ನು ಮಡಚಿದರೆ ಕೆಟ್ಟಿತು. ನೀನು ಅದರ ಸುದ್ದಿಗೆ ಈಗ ಹೋಗಬೇಡ. ಮತ್ತೆ, ಮುಖ್ಯ, ಒಳಗೆ ಕಾರ್ಬೈಡ್ ಎಂಬ ತುಂಬ ಗಟ್ಟಿ ವಸ್ತುವಿನ ರಿಂಗ್ ಇರುವುದನ್ನೇ ತಕೊ. ಬರೀ ಉಕ್ಕಿನದ್ದಾದರೆ ಪ್ರತಿ ತೋಟೆಗೂ ಜಿಡ್ಡು ಸವರಬೇಕು."

"ಕರೆಕ್ಟ್ ಮಾವಾ" ಎಂದು ತಲೆಯಾಡಿಸಿದ. ಹೆಬ್ಬೆರಳೂ ಆಡಿತು.

ಮುಂದಿನ ವಾರ ಯಾರದೋ ಮನೆಯ ಹಳೆ ಸಾಮಾನಿನ ಮಾರಾಟದಲ್ಲಿ ಬರೀ ಉಕ್ಕಿನ ಸೆಟ್ಟು ತಂದಿದ್ದ. "ಐದೇ ಡಾಲರ್ ಮಾವಾ!" ಎಷ್ಟೆಂದರೂ ನಮ್ಮ ರಕ್ತ. ಜಿಡ್ಡಿನ ಡಬ್ಬಿಗೆ ಡೈಗಿಂತ ಹೆಚ್ಚು ಕ್ರಯ ಎಂದು ಅದನ್ನು ತರಲಿಲ್ಲ. ಫೋನನ್ನು ಪುಸ್ತಕಕ್ಕೆ ಒರಗಿಸಿಟ್ಟು ಮೊದಲ ಬಾರಿಗೆ ಎರಡೂ ಕೈ ಖಾಲಿ ಮಾಡಿಕೊಂಡು ನನ್ನೆದುರೇ ಉದ್ಘಾಟನೆ. ಒಣ ತೋಟೆಯನ್ನು ಇಟ್ಟು ಹಿಡಿ ಎಳೆದ. ಕೆಳಗೆ ಬಂತು. ಮೇಲೆ ಹೋಗಲಿಲ್ಲ. ಎದ್ದು ನಿಂತು ಎಳೆದ. ಮೇಜು ಎದ್ದಿತು. ಮೇಜಿನ ಮೇಲೆ ಒಂದು ಕಾಲಿಟ್ಟು ಎಳೆದ. ಟಪ್ ಎಂದು ಏನೋ ತುಂಡಾಗಿ, ಫೋನು ಅಡ್ಡ ಬಿದ್ದು, ನನಗೆ ಮತ್ತೆ ಟೆಕ್ಸಾಸಿನ ಮಾಡು. ತೋಟೆಯ ತಳದ ಅಂಚು ಹರಿದು ಕೈಗೆ ಬಂದಿತ್ತು. ಉಳಿದದ್ದು ಡೈಯ ಹೊಟ್ಟೆಯಲ್ಲಿ.

ಅಷ್ಟರಲ್ಲಿ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದವನೂ ಕತ್ತಿ ಬಿಟ್ಟು ಬಂದು ನನ್ನ ಹೆಗಲ ಮೇಲಿಂದ ನೋಡುತ್ತಿದ್ದ. ತೆಂಗಿನೆಣ್ಣೆ ಬಿಡಬೇಕು ಎಂದು ತುಳುವಿನಲ್ಲಿ ಅವನ ಅಭಿಪ್ರಾಯ. ಬಿಸಿನೀರಿನಲ್ಲಿ ಹಾಕಿಡಬೇಕು ಎಂದು ನನ್ನ ಹೆಂಡತಿಯದು. "ಅತ್ತೆ, ಎಣ್ಣೆ ಕೇಪಿಗೋ ಮದ್ದಿಗೋ ತಾಗಿದ್ರೆ ಹಾಳು" ಎಂದು ಅಲ್ಲಿಂದ ಅಳಿಯ. "ಈಗ ಮದ್ದು ಎಲ್ಲಿ ಉಂಟು? ಖಾಲಿ ತೋಟೆ ಸಿಕ್ಕಿಕೊಂಡದ್ದಲ್ವಾ?" ಎಂದು ಅವಳು. ಕಾನೂನು ಪ್ರಕಾರ ಅವಳೇ ಗೆದ್ದಳು. ಅದನ್ನು ಬಿಡಿಸಲು ಬೇರೆಯೇ ಸಾಮಾನು ಸಿಗುತ್ತದಂತೆ; ತೋಟೆಗೆ ತೂತು ಕೊರೆದು, ಮರೆ ಹಾಕಿ, ಬೋಲ್ಟಿನಿಂದ ಎಳೆಯುವುದು. ಅದರ ಕ್ರಯ ಐದು ಡಾಲರಿಗಿಂತ ಎಷ್ಟೋ ಮೇಲೆ.

ನಗು ಬಂತು, ಆಮೇಲೆ ಸ್ವಲ್ಪ ಬೇಸರವೂ ಆಯಿತು. ನನ್ನಪ್ಪನದು ಕೇಪಿನ ಕೋವಿ. ಚಾವಡಿಯ ಮೂಲೆಯಲ್ಲಿ ಕೂತು ಮದ್ದು ಅಳೆದು ಹೊಯ್ದು, ತೆಂಗಿನ ನಾರು ತುರುಕಿ, ಗಜದ ಕೋಲಿನಿಂದ ಜಡಿದು, ಸೀಸದ ಚಿಲ್ಲು ಹಾಕಿ, ಮತ್ತೆ ನಾರು. ಅಷ್ಟು ಹೊತ್ತು ಯಾರೂ ಮಾತಾಡುವಂತಿಲ್ಲ, ರೇಡಿಯೋ ಕೂಡ ಬಂದ್. ರಜೆಯಲ್ಲಿ ಬಂದಿದ್ದ ಈ ಪೋರ ಕಂಬಕ್ಕೆ ತೆಕ್ಕೆ ಹಾಕಿಕೊಂಡು ಉಸಿರು ಬಿಗಿಹಿಡಿದು ನೋಡುತ್ತಿದ್ದ. ಅಜ್ಜ ಹೋದ ಮೇಲೆ ಆ ಕೋವಿಯನ್ನು ಒಪ್ಪಿಸಿಬಿಟ್ಟೆವು. ಇವನಿಗೆ ಅಲ್ಲಿ ತೋಟೆ ತುಂಬುವ ಹುಚ್ಚು ಹಿಡಿದದ್ದು ಗುಂಡು ತುಟ್ಟಿಯಾಯಿತೆಂದು ಮಾತ್ರ ಎಂದು ನನಗೆ ಅನ್ನಿಸುವುದಿಲ್ಲ. ಆದರೆ ಕೇಳಿದರೆ ಅವನು ಡಾಲರಿನ ಲೆಕ್ಕವನ್ನೇ ಹೇಳುವುದು. "ತುಂಬುವಾಗ ಮಾತ್ರ ಯಾರಿಗೂ ಫೋನು ಮಾಡಬೇಡ, ಎರಡು ಸಲ ಮದ್ದು ಬಿದ್ದರೆ ರಿವಾಲ್ವರೂ ಇಲ್ಲ, ಕೈಯೂ ಇಲ್ಲ" ಎಂದೆ. ಅದಕ್ಕೆ ಮಾತ್ರ ಹೂಂ ಅಂದ. ಕಾರ್ಬೈಡ್ ಸೆಟ್ಟು ಈಗ ಹೊಸದೇ ಬಂದಿದೆ. ಮೊದಲ ವಾರವೇ ನಾನು ಹೇಳಿದ ಅದೇ ಸೆಟ್ಟು. "ಇದು ಬೆಸ್ಟ್ ಅಂತ ಇಲ್ಲಿ ಒಬ್ರು ಹೇಳಿದ್ರು ಮಾವಾ" ಅಂತೆ.

ಮೊನ್ನೆ ಭಾರಿ ಉದಾರಿಯಾಗಿ, "ದಶಂಬರಕ್ಕೆ ಬರ್ತೇನೆ. ನಿಮ್ಗೂ ಒಂದು ಸೆಟ್ ತರ್ಲಾ?" ಎಂದ.

"ತಾ, ಮಂಗಳೂರು ಏರ್‌ಪೋರ್ಟಿನಲ್ಲೇ ನಿನ್ನನ್ನು ನನ್ನ ಕೋವಿಯ ಪಕ್ಕ ಡೆಪಾಸಿಟ್ ಮಾಡ್ತಾರೆ" ಎಂದೆ. "ಅದರ ಬದಲು ಹಂದಿ ಓಡಿಸ್ಲಿಕ್ಕೆ ಒಂದು ಒಳ್ಳೆ ಟಾರ್ಚ್ ತಾ."

"ಟಾರ್ಚಾ?" ಅವನ ದನಿ ಒಮ್ಮೆಲೇ ಏರಿತು. "ಮಾವಾ, ಅದ್ರಲ್ಲಿ ತುಂಬ ವೆರೈಟಿ ಉಂಟು. ತಲೆಗೆ ಕಟ್ಟುವುದಾ, ಕೈಯಲ್ಲಿ ಹಿಡಿಯುವುದಾ? ಎಷ್ಟು ಲ್ಯುಮೆನ್? ಒಂದ್ನಿಮಿಷ, ನನ್ನ ಹತ್ರ ಇರುವುದನ್ನು ತೋರಿಸ್ತೇನೆ."

ಪರದೆಯ ತುಂಬ ಹೆಬ್ಬೆರಳು ಬಂತು. ಆಮೇಲೆ ಅವನು ಸ್ವಿಚ್ಚು ಒತ್ತಿದ.