ಕ್ಷಿಪಣಿಯ ಜಾಡು ಹಿಡಿಯಲು ಉಪಗ್ರಹ ಸಂಕೇತದ ಮರುಪ್ರಸಾರ ಸೂಕ್ತವೇ?

ಪರ

ಪರೀಕ್ಷೆಗೆಂದು ಹಾರಿಸಿದ ಕ್ಷಿಪಣಿ ಗುರಿಯಿಂದ ಎಷ್ಟು ದೂರದಲ್ಲಿ ಬಿತ್ತು ಎಂದು ತಿಳಿದರೆ ಸಾಲದು. ಏಕೆ ತಪ್ಪಿತು ಎಂದು ಅರಿಯಲು ಹಾರಾಟದ ಪ್ರತಿ ಕ್ಷಣದ ಸ್ಥಾನವೂ ವೇಗವೂ ಬೇಕು. ಅಮೆರಿಕದ ನೌಕಾಪಡೆಯ ಟ್ರೈಡೆಂಟ್ ಕ್ಷಿಪಣಿಗಳಿಗಾಗಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅನ್ವಯಿಕ ಭೌತವಿಜ್ಞಾನ ಪ್ರಯೋಗಾಲಯವು 1970ರ ದಶಕದಲ್ಲಿ ರೂಪಿಸಿದ ಸ್ಯಾಟ್‌ಟ್ರ್ಯಾಕ್ ವ್ಯವಸ್ಥೆ ಹುಟ್ಟಿದ್ದು ಈ ಅಗತ್ಯದಿಂದಲೇ. ಇದರಲ್ಲಿ ಕ್ಷಿಪಣಿ ತನ್ನ ಸ್ಥಾನವನ್ನು ತಾನೇ ಲೆಕ್ಕ ಹಾಕುವುದಿಲ್ಲ. ಜಿಪಿಎಸ್ ಉಪಗ್ರಹಗಳಿಂದ ಬಂದ ಸಂಕೇತಗಳನ್ನು ಅದರೊಳಗಿನ ಟ್ರಾನ್ಸ್‌ಲೇಟರ್ ಬೇರೊಂದು ಆವರ್ತನಕ್ಕೆ ಬದಲಿಸಿ ಕೆಳಗೆ ಕಳಿಸುತ್ತದೆ, ನೆಲದ ಮೇಲಿನ ಅಥವಾ ಹಡಗಿನಲ್ಲಿರುವ ಕೇಂದ್ರ ಅವನ್ನು ದಾಖಲಿಸಿಕೊಳ್ಳುತ್ತದೆ.

ಇದರ ಹಿಂದಿನ ಗಣಿತ ನಿಜಕ್ಕೂ ಸೊಗಸಾದದ್ದು. ಉಪಗ್ರಹದಿಂದ ಸಂಕೇತ ಬರಲು ತಗಲುವ ಸಮಯದಿಂದಲೇ ದೂರವನ್ನು ಅಳೆಯುವುದರಿಂದ, ಒಂದು ಮೈಕ್ರೋಸೆಕೆಂಡ್ ವಿಳಂಬವೆಂದರೆ ಸುಮಾರು 300 ಮೀಟರ್ ದೂರ. ಆದರೆ ಕ್ಷಿಪಣಿಯಿಂದ ಕೇಂದ್ರಕ್ಕೆ ಬರುವ ದಾರಿಯ ವಿಳಂಬ ಎಲ್ಲ ಉಪಗ್ರಹಗಳ ಸಂಕೇತಕ್ಕೂ ಸಮನಾಗಿ ಸೇರುವುದರಿಂದ ಅದು ಸ್ಥಾನದ ಜೊತೆಗೇ ಬಿಡಿಸುವ ಗಡಿಯಾರದ ದೋಷದ ಲೆಕ್ಕದಲ್ಲೇ ಕಳೆದುಹೋಗಿ, ಕೊನೆಗೆ ಸಿಗುವುದು ಕ್ಷಿಪಣಿಯ ಆಂಟೆನಾದ ಸ್ಥಾನ.

ಇದಕ್ಕಿಂತ ಮುಖ್ಯವಾದ ಮಾತೆಂದರೆ, ದಾಖಲಾದ ಸಂಕೇತವನ್ನು ಮತ್ತೆ ಮತ್ತೆ ಪರಿಶೀಲಿಸಬಹುದು. ಇದರ ಬದಲು ಸ್ಥಾನವನ್ನು ತಾನೇ ಲೆಕ್ಕ ಹಾಕುವ ರಿಸೀವರ್ ಕ್ಷಿಪಣಿಯೊಳಗಿದ್ದು, ಹಂತ ಬೇರ್ಪಡುವಾಗಿನ ಅಲುಗಾಟದಲ್ಲಿ ಅದು ಸಂಕೇತದ ಹಿಡಿತ ಕಳೆದುಕೊಂಡರೆ ಆ ಕ್ಷಣದ ಮಾಹಿತಿ ಮರಳಿ ಸಿಗುವುದಿಲ್ಲ. ದಾಖಲೆ ಕೈಯಲ್ಲಿದ್ದರೆ, ಉಪಗ್ರಹ ಕಳಿಸಿದ ದತ್ತಾಂಶ ಏನೆಂದು ಆಗಲೇ ತಿಳಿದಿರುವುದರಿಂದ, ಕ್ಷೀಣ ಸಂಕೇತವನ್ನು ಹೆಚ್ಚು ಹೊತ್ತು ಒಟ್ಟುಗೂಡಿಸಿ ಹೊರತೆಗೆಯಬಹುದು. ಪರೀಕ್ಷಾ ಹಾರಾಟಗಳು ವಿರಳವಾಗಿರುವಾಗ ಈ ಅವಕಾಶಕ್ಕೆ ಬೆಲೆ ಕಟ್ಟಲಾಗದು.

ವಿರೋಧ

ಅಂದು ಕ್ಷಿಪಣಿಯೊಳಗೆ ಪೂರ್ಣ ರಿಸೀವರ್ ಇಡುವುದು ತೂಕಕ್ಕೂ ವೆಚ್ಚಕ್ಕೂ ಭಾರವಾಗಿತ್ತು. ಇಂದು ಅದೇ ಕೆಲಸ ಚಿಕ್ಕ ಚಿಪ್‌ನಲ್ಲಿ ನಡೆಯುತ್ತದೆ. ಲೆಕ್ಕ ಹಾಕಿದ ಸ್ಥಾನ, ವೇಗಗಳನ್ನು ಕಳಿಸಲು ಟೆಲಿಮೆಟ್ರಿಯ, ಅಂದರೆ ಕ್ಷಿಪಣಿ ರೇಡಿಯೋ ಮೂಲಕ ಕೆಳಗೆ ಕಳಿಸುವ ಮಾಹಿತಿಯ, ಸಣ್ಣ ಪಾಲು ಸಾಕು. ಇಡೀ ಸಂಕೇತವನ್ನೇ ಕಳಿಸಬೇಕಾದರೆ ಜಿಪಿಎಸ್‌ನ ನಾಗರಿಕ ಕೋಡ್ (ಎಲ್ಲರ ಬಳಕೆಗೆ ತೆರೆದಿರುವ ಸಂಕೇತ) ಒಂದಕ್ಕೇ ಸುಮಾರು 2 ಮೆಗಾಹರ್ಟ್ಸ್ ಬ್ಯಾಂಡ್ ಬೇಕು. ಒಂದೇ ಪರೀಕ್ಷೆಯಲ್ಲಿ ಹಲವು ಭಾಗಗಳ ಜಾಡು ಹಿಡಿಯಬೇಕಾದಾಗ ಈ ಹೊರೆ ಅಷ್ಟೇ ಪಟ್ಟು ಬೆಳೆಯುತ್ತದೆ. ಮೊದಲೇ ಕ್ಷೀಣವಾದ ಸಂಕೇತಕ್ಕೆ ಮರುಪ್ರಸಾರದ ಕೊಂಡಿಯ ಗದ್ದಲವೂ ಸೇರುತ್ತದೆ.

ಗೋಪ್ಯತೆಯ ಪ್ರಶ್ನೆಯನ್ನೂ ಹಗುರವಾಗಿ ಕಾಣುವಂತಿಲ್ಲ. ನಾಗರಿಕ ಕೋಡ್‌ನ ರಚನೆ ಬಹಿರಂಗವಾಗಿರುವುದರಿಂದ, ರಕ್ಷಣೆಯಿಲ್ಲದೆ ಮರುಪ್ರಸಾರವಾದ ಸಂಕೇತವನ್ನು ದೂರದ ಹಡಗೊಂದು ಹಿಡಿದುಕೊಂಡು ಪಥವನ್ನು ತಾನೇ ಲೆಕ್ಕ ಹಾಕಬಲ್ಲದು.

ಎಲ್ಲಕ್ಕಿಂತ ದೊಡ್ಡ ದೌರ್ಬಲ್ಯವೆಂದರೆ ಕೇಂದ್ರದ ಮೇಲಿನ ಅವಲಂಬನೆ. ಕೇಂದ್ರ ದಿಗಂತದ ಮರೆಗೆ ಸರಿದರೆ, ಅಥವಾ ಕ್ಷಿಪಣಿ ತಿರುಗಿ ಅದರ ಆಂಟೆನಾ ಕೇಂದ್ರದ ಕಡೆಯಿಂದ ಬೇರೆಡೆಗೆ ಮುಖ ಮಾಡಿದರೆ, ಉಪಗ್ರಹಗಳು ಸ್ಪಷ್ಟವಾಗಿ ಕಾಣುತ್ತಿದ್ದರೂ ಆ ಹೊತ್ತಿನ ದಾಖಲೆ ಇಲ್ಲವಾಗುತ್ತದೆ. ಒಳಗಿನ ರಿಸೀವರ್ ಆದರೋ ಅದನ್ನು ಸ್ಮೃತಿಯಲ್ಲಿ ಇಟ್ಟುಕೊಂಡು, ಸಂಪರ್ಕ ಮರಳಿದಾಗ ಕಳಿಸುತ್ತದೆ.