ಸತ್ಯಾಂಶ: ಅವಧಿ ಮುಗಿದ ಮೇಲೂ ಕಾರ್ಪೊರೇಟರ್ ಕಾರ್ಪೊರೇಟರೇ?

‘ಚುನಾವಣೆ ನಡೆಯುವವರೆಗೆ ಹಳೆಯ ಕಾರ್ಪೊರೇಟರೇ ಮುಂದುವರಿಯುತ್ತಾರೆ, ಸರ್ಕಾರ ಅವಧಿ ವಿಸ್ತರಿಸಬಹುದು’ ಎಂಬ ವಾಟ್ಸ್‌ಆ್ಯಪ್ ಸಂದೇಶ ತಪ್ಪು.

ಸಂವಿಧಾನದ 243ಯು ವಿಧಿ ಪ್ರಕಾರ ಪಾಲಿಕೆಯ ಆಯುಷ್ಯ ಐದು ವರ್ಷ, ಒಂದು ದಿನವೂ ಹೆಚ್ಚಿಲ್ಲ. ಲೆಕ್ಕ ಶುರುವಾಗುವುದು ಮತದಾನ ಅಥವಾ ಫಲಿತಾಂಶದ ದಿನದಿಂದಲ್ಲ, ಮೊದಲ ಸಭೆಗೆ ಗೊತ್ತುಪಡಿಸಿದ ದಿನದಿಂದ. ಎಡವುವುದು ಹೆಚ್ಚಾಗಿ ಇಲ್ಲೇ. ಅವಧಿ ಮುಗಿಯುವ ಮುನ್ನವೇ ಚುನಾವಣೆ ಮುಗಿದಿರಬೇಕು. ಪಾಲಿಕೆಯನ್ನು ನಡುವೆ ವಿಸರ್ಜಿಸಿದರೆ ಆರು ತಿಂಗಳೊಳಗೆ ಚುನಾವಣೆ. ಹೊಸಬರಿಗೆ ಸಿಗುವುದು ಉಳಿದ ಅವಧಿ ಮಾತ್ರ.

ಹಾಗಿದ್ದರೂ ಬೆಂಗಳೂರಿನ ಪಾಲಿಕೆಯಾಗಿದ್ದ ಬಿಬಿಎಂಪಿಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದಾಗ ಚುನಾವಣೆ ಆಗಿರಲಿಲ್ಲ. ಕುರ್ಚಿಗೆ ಬಂದದ್ದು ಹಳೆಯ ಸದಸ್ಯರಲ್ಲ, ಸರ್ಕಾರ ನೇಮಿಸಿದ ಆಡಳಿತಾಧಿಕಾರಿ. ವಾರ್ಡ್ ಗಡಿ ಮತ್ತು ಮೀಸಲಾತಿ ಪಟ್ಟಿ ತಡವಾಗುತ್ತದೆ, ಬಂದರೆ ಕೋರ್ಟ್ ಮೆಟ್ಟಿಲೇರುತ್ತದೆ: ವಿಳಂಬದ ದಾರಿ ಸಾಮಾನ್ಯವಾಗಿ ಇದೇ. ನೆಪ ಎಂದರೂ ತಪ್ಪಿಲ್ಲ. ಚುನಾವಣೆಯನ್ನು ಸಕಾಲಕ್ಕೆ ಮುಗಿಸಲೇಬೇಕೆಂದು ಸುಪ್ರೀಂ ಕೋರ್ಟ್ 2006ರ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲೇ ಹೇಳಿದೆ.

ಮತದಾನ ನಡೆಸುವುದು ರಾಜ್ಯ ಚುನಾವಣಾ ಆಯೋಗ, ದೆಹಲಿಯ ಕೇಂದ್ರ ಚುನಾವಣಾ ಆಯೋಗವಲ್ಲ. ಅವಧಿ ಮೀರಿದ ವಾರ್ಡಿನಲ್ಲಿ ಚರಂಡಿ ಕಟ್ಟಿಕೊಂಡರೆ ದೂರು ಮಾಜಿ ಸದಸ್ಯರ ಮನೆಗಲ್ಲ, ವಲಯ ಕಚೇರಿಗೆ. ಮಾಜಿಯ ಸಹಿಗೆ ಕಡತದಲ್ಲಿ ಬೆಲೆಯಿಲ್ಲ.