ಪೋಲ್ಡರಿನ ಯಂತ್ರ, ನಮ್ಮ ಎರೆಹೊಲದ ಉಳ್ಳಾಗಡ್ಡಿ

ಗದಗ ಜಿಲ್ಲೆಯ ಎರೆಹೊಲದಲ್ಲಿ ಉಳ್ಳಾಗಡ್ಡಿ ಕಿತ್ತು ಬೆಳೆದ ನಾನು ಈಗ ನೆದರ್ಲೆಂಡ್ಸಿನ ಫ್ಲೆವೊಲ್ಯಾಂಡ್ ಪ್ರಾಂತ್ಯದಲ್ಲಿದ್ದೇನೆ. ನೀರು ಬಸಿದು ಪಡೆದ ನೆಲಕ್ಕೆ ಇಲ್ಲಿ ಪೋಲ್ಡರ್ ಎನ್ನುತ್ತಾರೆ. ಇಲ್ಲಿನ ಉಳ್ಳಾಗಡ್ಡಿ ಕೊಯ್ಲಿನ ವಿಡಿಯೊ ಕಳಿಸಿದಾಗಲೆಲ್ಲ ಊರಿನಲ್ಲಿರುವ ಅಣ್ಣನದು ಒಂದೇ ಪ್ರಶ್ನೆ: "ತಮ್ಮಾ, ಈ ಮಷಿನ್ ನಮ್ಮ ಹೊಲಕ್ಕ ನಡೀತೈತೇನು?"

ನೋಡಲು ಅದು ಸೋಜಿಗದ ಕೆಲಸವೇ ಸರಿ. ಆಗಸ್ಟ್ ಮುಗಿಯುವ ಹೊತ್ತಿಗೆ ತಪ್ಪಲು, ಅಂದರೆ ಗಡ್ಡೆಯ ಎಲೆ, ಬಾಗಿ ಒಣಗತೊಡಗಿದಾಗ ಮೊದಲೊಂದು ಯಂತ್ರ ಬಂದು, ಗಡ್ಡೆಯ ಮೇಲೆ ಗೇಣಿಗಿಂತ ಕಡಿಮೆ ಕುತ್ತಿಗೆ ಉಳಿಸಿ, ತಪ್ಪಲನ್ನು ಸವರಿಕೊಂಡು ಹೋಗುತ್ತದೆ. ಅದರ ಬೆನ್ನಿಗೆ ಬರುವ ಕೀಳುವ ಯಂತ್ರದಲ್ಲಿ ನೇಗಿಲಿನಂಥ ಕುಳವಿಲ್ಲ. ಗಡ್ಡೆಗಳ ಅಡಿಯಲ್ಲಿ, ಮಣ್ಣಿನೊಳಗೆ, ನಾಲ್ಕು ಮೂಲೆಯ ಒಂದು ಅಡ್ಡ ಸರಳು ತಿರುಗುತ್ತ ಅವನ್ನು ಮೇಲಕ್ಕೆತ್ತುತ್ತದೆ, ಹಿಂದಿನ ಸರಪಳಿ ಜಾಲರಿ ಮಣ್ಣು ಉದುರಿಸಿ ಸಾಲಾಗಿ ನೆಲದ ಮೇಲೆ ಮಲಗಿಸುತ್ತದೆ. ಬಿಸಿಲುಗಾಳಿಗೆ ಕೆಲವು ದಿನ ಒಣಗಿದ ಸಾಲನ್ನು ಮತ್ತೊಂದು ಯಂತ್ರ ಎತ್ತಿ ಟ್ರೇಲರಿಗೆ ತುಂಬುತ್ತದೆ. ಗೋದಾಮಿನ ನೆಲದಡಿಯಿಂದ ಬೆಚ್ಚನೆಯ ಗಾಳಿ ಊದಿ ಕುತ್ತಿಗೆಯ ತೇವವನ್ನು ಪೂರ್ತಿ ತೆಗೆಯದಿದ್ದರೆ ಇಲ್ಲಿಯೂ ಗಡ್ಡೆ ಕೊಳೆಯುತ್ತದೆ.

ಆದರೆ ಯಂತ್ರದ ಕೆಲಸ ಕೊಯ್ಲಿನ ದಿನ ಶುರುವಾಗುವುದಿಲ್ಲ ಎಂಬುದನ್ನು ಅಣ್ಣನಿಗೆ ತಿಳಿಸುವುದೇ ಕಷ್ಟ. ಇಲ್ಲಿನ ನೂರ್ಡ್‌ಊಸ್ಟ್‌ಪೋಲ್ಡರ್ 1942ರಲ್ಲಿ ನೀರು ಬಸಿದು ಪಡೆದ ಹಳೆಯ ಕಡಲತಳ, ಬಹುಪಾಲು ಹೊಲಗಳಲ್ಲಿ ಕಲ್ಲಿಲ್ಲ, ಏರುಪೇರಿಲ್ಲ. ವಸಂತದಲ್ಲಿ ಟ್ರ್ಯಾಕ್ಟರಿನ ಗಾಲಿಗಳ ಅಗಲಕ್ಕೆ ಹೊಂದುವ ಮಡಿಗಳಲ್ಲಿ ಅಳೆದು ಬೀಜ ಹಾಕುತ್ತಾರೆ, ಇಡೀ ಹೊಲ ಒಟ್ಟಿಗೆ ಬಲಿಯುವಂಥ, ದಪ್ಪ ಸಿಪ್ಪೆಯ ತಳಿಗಳನ್ನೇ ಆರಿಸುತ್ತಾರೆ.

ನಮ್ಮ ಕಡೆ ಉಳ್ಳಾಗಡ್ಡಿ ಒಂಟಿಯಾಗಿರುವುದಿಲ್ಲ. ಮುಂಗಾರಿನಲ್ಲಿ ಅದೇ ಹೊಲಕ್ಕೆ ಮೆಣಸಿನ ಗಿಡವೂ ಹತ್ತಿಯೂ ಬೀಳುತ್ತವೆ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಉಳ್ಳಾಗಡ್ಡಿ ಕೀಳುವಾಗ ಅವೆರಡೂ ನಡುವೆ ನಿಂತಿರುತ್ತವೆ. ಉಳ್ಳಾಗಡ್ಡಿಯ ದರ ಬಿದ್ದ ವರ್ಷ ಮೆಣಸಿನಕಾಯಿ ಕೈಹಿಡಿಯುತ್ತದೆ, ಅದೂ ಹೋದರೆ ಹತ್ತಿ ಇರುತ್ತದೆ. ಕೀಳುವ ಯಂತ್ರ ಓಡಬೇಕೆಂದರೆ ಈ ಮಿಶ್ರ ಬೆಳೆಯನ್ನೇ ಬಿಡಬೇಕು. ಕೂಲಿಯ ಖರ್ಚು ಉಳಿಸಲು ಹೋಗಿ, ಬೆಳೆಯೊಳಗೇ ಇರುವ ವಿಮೆಯನ್ನು ಕಳೆದುಕೊಳ್ಳುವ ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಸಾಲದ್ದಕ್ಕೆ, ಹಿಂಗಾರಿನ ಮಳೆ ಬಿದ್ದ ಮರುದಿನ ಎರೆಮಣ್ಣು ಚಪ್ಪಲಿಯನ್ನೇ ಬಿಡುವುದಿಲ್ಲ, ಜಾಲರಿಯನ್ನು ಬಿಟ್ಟೀತೆ?

ಹಾಗೆಂದು ಈಗಿರುವುದೇ ಸರಿಯೆಂದು ಹೇಳುತ್ತಿಲ್ಲ. ಕಿತ್ತ ಮೇಲೆ ಹೆಂಗಸರು ಬೆಳಗಿನಿಂದ ಬೈಗಿನವರೆಗೆ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಒಂದೊಂದೇ ಗಡ್ಡೆಯ ತಪ್ಪಲು ಕೊಯ್ಯುತ್ತಾರೆ. ಅವ್ವನ ಎಡಗೈ ಹೆಬ್ಬೆರಳಿನ ಮೇಲೆ ಕುಡುಗೋಲಿನ ಗೆರೆಗಳು ಕೊನೆಯವರೆಗೂ ಹೋಗಲಿಲ್ಲ. ಹೆಚ್ಚು ಆಳು, ಹೆಚ್ಚು ದಿನ ಹಿಡಿಯುವುದೂ, ಮಳೆ ಬಂದರೆ ರಾಶಿ ಬಯಲಲ್ಲೇ ನೆನೆಯುವುದೂ ಈ ಹಂತದಲ್ಲಿ. ಕಣದಲ್ಲಿ ನಿಲ್ಲಿಸಿ ತಪ್ಪಲು ಕತ್ತರಿಸುವ ಸಣ್ಣ ಯಂತ್ರಕ್ಕೆ ಹೊಲದಲ್ಲಿ ಮೆಣಸಿನ ಗಿಡವಿದ್ದರೇನು, ಹತ್ತಿಯಿದ್ದರೇನು? ಅದನ್ನು ನಾಲ್ಕು ಮನೆಯವರು ಕೂಡಿ ಕೊಂಡು, ಪಕ್ಕದಲ್ಲೇ ಫ್ಯಾನಿನ ಗಾಳಿ ಆಡುವ ತಗಡಿನ ಚಪ್ಪರ ಹಾಕಿಕೊಳ್ಳಬಹುದು. ಕುಳಿತು ಕೊಯ್ಯುತ್ತಿದ್ದವರಲ್ಲಿ ಕೆಲವರಿಗೆ ಅಲ್ಲಿ ಗಡ್ಡೆ ಆರಿಸುವ ಕೆಲಸವಿರುತ್ತದೆ, ಎಲ್ಲರಿಗೂ ಅಲ್ಲ. ಆ ಕೂಲಿಯ ಮಾತನ್ನು ಯಂತ್ರ ಕೊಳ್ಳುವ ಮೊದಲೇ ಆಡಿಕೊಳ್ಳಬೇಕು.

ಇಷ್ಟನ್ನೂ ಫೋನಿನಲ್ಲಿ ಹೇಳಿದಾಗ ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಚಪ್ಪರದ ತಗಡಿಗೆ ಎಷ್ಟಾಕ್ಕೈತಿ ಕೇಳಿ ನೋಡತೀನಿ," ಎಂದ.